ಮೂರು ಅಕ್ಷಾಂಶಗಳಿಂದ ಒಂದೇ ಚಂದ್ರ

ಬಿದಿಗೆಯ ಚಂದ್ರ ಭೂಮಿಯ ಯಾವ ಮೂಲೆಯಲ್ಲಿ ನಿಂತು ನೋಡಿದರೂ ಬಿದಿಗೆಯ ಚಂದ್ರನೇ. ನೋಡುವ ಜಾಗ ಬದಲಾದಂತೆ ಬದಲಾಗುವುದು ಅವನು ಆಕಾಶದಲ್ಲಿ ವಾಲಿ ನಿಂತ ಭಂಗಿ ಮತ್ತು ನಕ್ಷತ್ರಗಳ ನಡುವೆ ಅವನು ಕಾಣುವ ಸ್ಥಾನ. ಮೊದಲನೆಯದು ಬರಿಗಣ್ಣಿಗೇ ತಿಳಿಯುತ್ತದೆ. ಎರಡನೆಯದನ್ನು ಅಳತೆ ಮಾಡಿ, ಅದರಿಂದ ಚಂದ್ರನ ದೂರವನ್ನು ಕಂಡುಹಿಡಿದೇ ನೋಡಬೇಕೆಂಬ ಹಂಬಲ ನನಗೆ ಬಹಳ ದಿನಗಳಿಂದ ಇತ್ತು.

ನಾನು ಆಗ ಭೂಮಧ್ಯರೇಖೆಗೆ ತುಸು ಉತ್ತರದಲ್ಲಿದ್ದೆ. ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿ, 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಬ್ಬ ಗೆಳೆಯನೂ 35 ಡಿಗ್ರಿ ದಕ್ಷಿಣದಲ್ಲಿ ಇನ್ನೊಬ್ಬನೂ ಇದ್ದರು. ಚಂದ್ರನು ಮಖಾ ನಕ್ಷತ್ರಕ್ಕೆ ಅತಿ ಸಮೀಪದಲ್ಲಿ ಹಾದುಹೋಗುವ ಒಂದು ಶುಕ್ಲ ಏಕಾದಶಿಯ ರಾತ್ರಿಯನ್ನು ಆರಿಸಿಕೊಂಡು, ಅವನು ಉತ್ತರ-ದಕ್ಷಿಣವಾಗಿ ಹಾಯುವ ನೆತ್ತಿಯ ರೇಖೆಯನ್ನು ದಾಟುವ ಹೊತ್ತಿಗೆ ಮೂವರೂ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯುವುದೆಂದು ನಿಶ್ಚಯಿಸಿದೆವು. ಹಿಂದಿನ ತಿಂಗಳ ಮೊದಲ ಪ್ರಯತ್ನ ಒಂದು ಕ್ಯಾಮೆರಾದ ಗಡಿಯಾರ ಹನ್ನೆರಡು ನಿಮಿಷ ಹಿಂದಿದ್ದ ಕಾರಣ ವ್ಯರ್ಥವಾಗಿತ್ತು. ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ, ಎಂದರೆ ತನ್ನದೇ ಅಗಲದಷ್ಟು, ಪೂರ್ವಕ್ಕೆ ಸರಿಯುತ್ತಾನಾದ್ದರಿಂದ ಇಂಥ ಅಳತೆಯಲ್ಲಿ ಅಷ್ಟು ವ್ಯತ್ಯಾಸವನ್ನು ಕ್ಷಮಿಸಲಾಗದು.

ಚಿತ್ರದಲ್ಲಿ ಒಂದು ಡಿಗ್ರಿ ಎಂದರೆ ಎಷ್ಟು ಎಂಬುದನ್ನು ತಿಳಿಯಲು ಚಂದ್ರಬಿಂಬದ ಅಗಲವನ್ನೇ ಅಳತೆಗೋಲಾಗಿ ಬಳಸುವುದು ಸುಲಭ. ಆದರೆ ಆ ಅಗಲವೇ ಚಂದ್ರನ ದೂರವನ್ನು ಅವಲಂಬಿಸಿದೆ. ಯಾವುದನ್ನು ಕಂಡುಹಿಡಿಯಬೇಕೋ ಅದನ್ನೇ ಮೊದಲು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಬಿಗಿದು, ಸರಿಯಾಗಿ ನಾಲ್ಕು ನಿಮಿಷಗಳ ಅಂತರದಲ್ಲಿ ಎರಡು ಚಿತ್ರ ತೆಗೆಯುವಂತೆ ಇಬ್ಬರಿಗೂ ಹೇಳಿದೆ. ಭೂಮಿಯ ಆವರ್ತನೆಯಿಂದ ಮಖಾ ನಕ್ಷತ್ರವು ಆ ಅವಧಿಯಲ್ಲಿ 0.98 ಡಿಗ್ರಿ ಪಶ್ಚಿಮಕ್ಕೆ ಜರುಗುತ್ತದೆ. ಉತ್ತರದ ಗೆಳೆಯನ ಚಿತ್ರಗಳಲ್ಲಿ ಅದು 1,470 ಪಿಕ್ಸೆಲ್ ಸರಿದಿತ್ತು. ಅಲ್ಲಿಗೆ ಒಂದು ಡಿಗ್ರಿಗೆ 1,500 ಪಿಕ್ಸೆಲ್. ಜರುಗಿದ ದಾರಿಯೇ ಪೂರ್ವ-ಪಶ್ಚಿಮ ರೇಖೆಯೂ ಆಗಿ, ಎರಡು ಕಡೆಯ ಚಿತ್ರಗಳನ್ನು ಹೊಂದಿಸಲು ನೆರವಾಯಿತು.

ಅದೇ ಹೊತ್ತಿಗೆ ನನ್ನ ನೆತ್ತಿಯ ಮೇಲಿದ್ದ ಚಂದ್ರನ ಬಲ ಯಾವುದು, ಎಡ ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ಚಾಪೆಯ ಮೇಲೆ ಉತ್ತರಕ್ಕೆ ತಲೆ ಮಾಡಿ ಅಂಗಾತ ಮಲಗಿದಾಗ ಬೆಳಗಿದ ಅಂಚು ಬಲಕ್ಕಿತ್ತು, ಚಂದ್ರನ ದಕ್ಷಿಣ ಭಾಗದ ಟೈಕೋ ಕುಳಿ ಕೆಳಗಿತ್ತು. ಎದ್ದು ದಕ್ಷಿಣಕ್ಕೆ ತಲೆ ಮಾಡಿ ಮಲಗಿದೆ. ಅಂಚು ಎಡಕ್ಕೆ ಹೋಯಿತು, ಟೈಕೋ ಮೇಲೆ ಬಂದಿತು. ಉತ್ತರದ ಗೆಳೆಯ ನೋಡುತ್ತಿದ್ದುದು ಮೊದಲನೆಯ ಚಂದ್ರನನ್ನು, ದಕ್ಷಿಣದವನು ನೋಡುತ್ತಿದ್ದುದು ಎರಡನೆಯವನನ್ನು. ಎಷ್ಟು ಓದಿದ್ದರೂ, ದೇಹವನ್ನೇ ತಿರುಗಿಸಿ ಕಂಡಾಗ ಮಾತ್ರ ಈ ವಿಷಯ ನನಗೆ ಪೂರ್ತಿ ಮನದಟ್ಟಾಯಿತು.

ನನಗೆ ಮಖಾ ನಕ್ಷತ್ರ ಕಾಣಲೇ ಇಲ್ಲ. ಅದು ಚಂದ್ರನ ಹಿಂದೆ ಮರೆಯಾಗಿತ್ತು. ಇಬ್ಬರು ಗೆಳೆಯರಿಂದಲೂ ಒಂದೇ ಸಂದೇಶ ಬಂದಿತು: “ನಕ್ಷತ್ರ ಚಂದ್ರನ ಮೇಲಿದೆ.” ಎಲ್ಲೋ ತಪ್ಪಾಯಿತೆಂದು ಕ್ಷಣಕಾಲ ಅಳುಕಿದೆ. ಆದರೆ ನೋಡುವವನು ಭೂಮಿಯ ಕೇಂದ್ರದಲ್ಲಿರದೆ ಅದರ ಮೇಲ್ಮೈಯಲ್ಲಿರುವುದರಿಂದ ಚಂದ್ರನು ಯಾವಾಗಲೂ ದಿಗಂತದ ಕಡೆಗೇ ತಗ್ಗಿದಂತೆ ಕಾಣುತ್ತಾನೆ. ಉತ್ತರದವನಿಗೆ ಆ ಕೆಳಗು ದಕ್ಷಿಣ ದಿಕ್ಕು, ದಕ್ಷಿಣದವನಿಗೆ ಉತ್ತರ ದಿಕ್ಕು. ಒಬ್ಬನ ಚಿತ್ರದಲ್ಲಿ ಚಂದ್ರನ ಕೇಂದ್ರ ನಕ್ಷತ್ರದಿಂದ 0.58 ಡಿಗ್ರಿ ದಕ್ಷಿಣಕ್ಕೂ ಇನ್ನೊಬ್ಬನ ಚಿತ್ರದಲ್ಲಿ 0.70 ಡಿಗ್ರಿ ಉತ್ತರಕ್ಕೂ ಇತ್ತು. ಒಟ್ಟು ಸ್ಥಾನಪಲ್ಲಟ 1.28 ಡಿಗ್ರಿ, ಸುಮಾರು ಎರಡೂವರೆ ಚಂದ್ರಬಿಂಬಗಳಷ್ಟು.

1751-52ರಲ್ಲಿ ಫ್ರೆಂಚ್ ಖಗೋಳಜ್ಞರಾದ ಲಕಾಯ್ ಗುಡ್ ಹೋಪ್ ಭೂಶಿರದಿಂದಲೂ ಲಲಾಂದ್ ಬರ್ಲಿನ್ನಿನಿಂದಲೂ ಚಂದ್ರನನ್ನು ಅಳೆದುದು ಇದೇ ತತ್ತ್ವದ ಮೇಲೆ. ಆ ಕೆಲಸಕ್ಕೆ ಹೊರಟಾಗ ಲಲಾಂದ್‌ಗೆ 19 ವರ್ಷ. ನಮ್ಮ ಲೆಕ್ಕ ಸರಳವಾದದ್ದು. 85 ಡಿಗ್ರಿ ಅಂತರದ ಎರಡು ಸ್ಥಳಗಳ ನಡುವೆ ಭೂಮಿಯೊಳಗಿಂದ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 8,600 ಕಿಲೋಮೀಟರ್. ಅದನ್ನು 57.3ರಿಂದ (ಒಂದು ರೇಡಿಯನ್ ಕೋನದಲ್ಲಿರುವ ಡಿಗ್ರಿಗಳು) ಗುಣಿಸಿ 1.28ರಿಂದ ಭಾಗಿಸಿದಾಗ ಸುಮಾರು 3,85,000 ಕಿಲೋಮೀಟರ್ ಬಂದಿತು. ಪುಸ್ತಕಗಳಲ್ಲಿರುವ ಸರಾಸರಿ ದೂರ 3,84,400. ಗೆಳೆಯರು ಬಹಳ ಹಿಗ್ಗಿದರು. ನನಗೆ ಮಾತ್ರ ಆ ಹೊಂದಿಕೆ ಆಕಸ್ಮಿಕವೆನಿಸಿತು, ಏಕೆಂದರೆ ಚಂದ್ರನ ದೂರ ಪ್ರತಿ ತಿಂಗಳೂ ಹತ್ತಾರು ಸಾವಿರ ಕಿಲೋಮೀಟರ್ ಏರಿಳಿಯುತ್ತದೆ. ಅಲ್ಲದೆ ನಮಗೆ ಸಿಕ್ಕಿದ್ದು ನಾವು ನಿಂತ ನೆಲದಿಂದ ಇರುವ ದೂರ. ಭೂಕೇಂದ್ರಕ್ಕೆ ಹೊಂದಿಸಲು ಸುಮಾರು 4,700 ಸೇರಿಸಿದಾಗ ಅದು 3,90,000ದ ಸಮೀಪಕ್ಕೆ ಬಂದಿತು. ಆ ಕ್ಷಣಕ್ಕೆ ಖಗೋಳ ತಂತ್ರಾಂಶ ತೋರಿಸಿದ ದೂರ 3,91,000 ಕಿಲೋಮೀಟರ್.