ಹಳೆಯ ಅಮೆರಿಕನ್ ಬೆಳ್ಳಿ ಡಾಲರ್: ಗುರುತು ಹಿಡಿಯುವುದು, ಬೆಲೆ ಕಟ್ಟುವುದು

ಅಮೆರಿಕದ ಹಳೆಯ ಬೆಳ್ಳಿ ನಾಣ್ಯ ಕೈಗೆ ಸಿಕ್ಕಿದರೆ ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಯಾವುದರಿಂದ ಉಜ್ಜಿದರೂ ಕಪ್ಪಿನ ಜೊತೆಗೆ ಅಚ್ಚೊತ್ತಿದಾಗ ಮೂಡಿದ ಮಿಂಚೂ ಹೋಗುತ್ತದೆ. ಸಂಗ್ರಾಹಕರು ಹೆಚ್ಚಿನ ಹಣ ಕೊಡುವುದು ಆ ಮಿಂಚಿಗೇ.

ಚಿಲ್ಲರೆ ನಾಣ್ಯಗಳ ವಿಚಾರ ಸುಲಭ. 20ನೇ ಶತಮಾನದ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್), ಹಾಫ್ ಡಾಲರ್ (50 ಸೆಂಟ್) ನಾಣ್ಯಗಳು 1964ರ ಇಸವಿಯವರೆಗೆ ಶೇ 90 ಬೆಳ್ಳಿ. ಬೆಳ್ಳಿಯ ಕ್ವಾರ್ಟರ್ 6.25 ಗ್ರಾಂ ತೂಗುತ್ತದೆ; ಆಮೇಲಿನದು 5.67 ಗ್ರಾಂ, ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ. 1965ರಿಂದ 1970ರ ಹಾಫ್ ಡಾಲರ್‌ನಲ್ಲಿ ಮಾತ್ರ ಶೇ 40 ಬೆಳ್ಳಿ ಉಳಿಯಿತು.

ಹೆಚ್ಚು ಎಚ್ಚರ ಬೇಕಿರುವುದು ಮೋರ್ಗನ್ ಡಾಲರ್‌ಗೆ, ಅಂದರೆ ಜಾರ್ಜ್ ಮೋರ್ಗನ್ ವಿನ್ಯಾಸ ಮಾಡಿದ ಬೆಳ್ಳಿಯ ಒಂದು ಡಾಲರ್ ನಾಣ್ಯಕ್ಕೆ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದ ಇದರ ತೂಕ 26.73 ಗ್ರಾಂ, ವ್ಯಾಸ 38.1 ಮಿ.ಮೀ., ಶುದ್ಧ ಬೆಳ್ಳಿ 24.06 ಗ್ರಾಂ. ಆ ದಿನದ ಗ್ರಾಂ ದರವನ್ನು 24.06ರಿಂದ ಗುಣಿಸಿದರೆ ಬರುವುದು ಲೋಹದ ಬೆಲೆ.

ನಕಲಿ ಬಹಳ ಇವೆ. ಅಯಸ್ಕಾಂತಕ್ಕೆ ಅಂಟಿದರೆ ನಕಲಿ ಎನ್ನುವುದು ಖಚಿತ, ಆದರೆ ಅಂಟದಿದ್ದ ಮಾತ್ರಕ್ಕೆ ಅಸಲಿಯಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ನೀರಿನ ಪರೀಕ್ಷೆ ಮಾಡಿ. ಮೊದಲು ನಾಣ್ಯವನ್ನು ಒಣದಾಗಿ ತೂಗಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ದಾರ ಕಟ್ಟಿದ ನಾಣ್ಯವನ್ನು ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ: 10.3ರ ಆಸುಪಾಸು ಬರಬೇಕು. ಗುಳ್ಳೆ ಅಂಟಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ಕೊನೆಗೆ ಉಜ್ಜದೆ, ಮೆತ್ತನೆಯ ಬಟ್ಟೆ ಒತ್ತಿ ಒಣಗಿಸಿ. ಅಕ್ಕಸಾಲಿಗರ ಒರೆಗಲ್ಲಿಗೆ ಮಾತ್ರ ಕೊಡಬೇಡಿ, ಒಂದು ಗೀರು ಸಾಕು ಬೆಲೆ ಇಳಿಯಲು.

ಈಗ ಹಿಂಬದಿಗೆ ತಿರುಗಿಸಿ. ಹಾರದ ಗಂಟಿನ ಕೆಳಗೆ, ಡಾಲರ್ ಎಂಬ ಪದದ ಡಿ ಮತ್ತು ಓ ಅಕ್ಷರಗಳ ಮೇಲೆ ಟಂಕಸಾಲೆಯ ಗುರುತಿದೆ. ಸಿಸಿ ಎಂದರೆ ಕಾರ್ಸನ್ ಸಿಟಿ, ಎಸ್ ಸ್ಯಾನ್ ಫ್ರಾನ್ಸಿಸ್ಕೊ, ಓ ನ್ಯೂ ಆರ್ಲಿಯನ್ಸ್. 1921ರಲ್ಲಿ ಮಾತ್ರ ಡಿ, ಡೆನ್ವರ್. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. 1893ರ ಎಸ್ ಟಂಕಿಸಿದ್ದು 1 ಲಕ್ಷ ಮಾತ್ರ, ಹಾಗಾಗಿ ಬೇರೆ ಡಾಲರ್‌ಗೆ ಎಸ್ ಅಂಟಿಸಿ ಮಾರುವವರಿದ್ದಾರೆ. ಅಕ್ಷರದ ಬುಡದಲ್ಲಿ ಸಂದು ಇದೆಯೇ ಎಂದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ.

ಟಂಕಿಸಿದ ಸಂಖ್ಯೆಯೊಂದನ್ನೇ ನಂಬಿ ಬೆಲೆ ಕಟ್ಟಬಾರದು. ಅಮೆರಿಕದ 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರ ಬಹುಪಾಲು ಬೆಳ್ಳಿ ಬಂದದ್ದು ಭಾರತಕ್ಕೆ, ಬ್ರಿಟಿಷರ ರೂಪಾಯಿ ಟಂಕಿಸಲು. ಇದಕ್ಕೆ ತದ್ವಿರುದ್ಧವಾದದ್ದು 1903ರ ಓ: ಅಪರೂಪವೆಂದು ಭಾರೀ ಬೆಲೆಯಿತ್ತು, 1962ರಲ್ಲಿ ಸರ್ಕಾರಿ ಖಜಾನೆಯ ಚೀಲಗಳು ಹೊರಬಂದಾಗ ಒಮ್ಮೆಲೇ ಕುಸಿಯಿತು.

ಸವೆತ ಮೊದಲು ಕಾಣುವುದು ಮುಂಬದಿಯ ಲಿಬರ್ಟಿ ದೇವಿಯ ಕಿವಿಯ ಮೇಲಿನ ಕೂದಲಲ್ಲಿ, ಹಿಂಬದಿಯ ಹದ್ದಿನ ಎದೆಗರಿಯಲ್ಲಿ. ನ್ಯೂ ಆರ್ಲಿಯನ್ಸ್‌ನವು ಎಷ್ಟೋ ಸಲ ಅಚ್ಚು ಸರಿಯಾಗಿ ಒತ್ತದೆ ಬಂದಿವೆ, ಬಳಸದಿದ್ದರೂ ಎದೆ ಚಪ್ಪಟೆ. ದೀಪದಡಿ ನಾಣ್ಯವನ್ನು ಓರೆ ಮಾಡಿ: ಮಿಂಚು ಚಕ್ರದ ಅರೆಗಳಂತೆ ಚಪ್ಪಟೆ ಜಾಗದ ಮೇಲೂ ಹರಿದರೆ ಅಚ್ಚಿನ ದೋಷ, ಅಲ್ಲಿ ಮಂಕು ಬೂದುಬಣ್ಣವಾಗಿ ನಿಂತರೆ ಸವೆತ. ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಮೊಹರಾದ ಡಬ್ಬಿಯಲ್ಲಿದ್ದು 1ರಿಂದ 70ರ ದರ್ಜೆ ಬರೆದಿದ್ದರೂ, ಅದರ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿಯೇ ಹಣ ಕೊಡಿ. ಡಬ್ಬಿಯ ನಕಲೂ ಬಂದಿದೆ.