‘ಮೊಟ್ಟಮೊದಲ’ ಅಂತ ಬರೆಯುವ ಮುಂಚೆ

ಪಿಎಚ್‌ಡಿ ಪ್ರಬಂಧ ಬರೆಯುತ್ತಿರುವವರಿಗೆ ಒಂದು ಮಾತು. ‘ಹಲ್ಮಿಡಿ ಶಾಸನವೇ ಕನ್ನಡದ ಮೊಟ್ಟಮೊದಲ ಶಾಸನ’ ಅಂತ ನಾನು ಧೈರ್ಯವಾಗಿ ಬರೆದಿದ್ದೆ. ಗೈಡ್ ಆ ‘ಏ’ಕಾರಕ್ಕೇ ಕೆಂಪು ಗೆರೆ ಎಳೆದರು! ಹಲ್ಮಿಡಿಯದ್ದು ಸುಮಾರು ಕ್ರಿ.ಶ. 450 ಅನ್ನುತ್ತಾರೆ. ತಾಳಗುಂದದ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಸುಮಾರು 370ರದ್ದು, ಅದೇ ಹಳೆಯದು ಎಂಬ ವಾದವೂ ಇದೆ. ಹಾಗಾಗಿ ಈಗ ಹೀಗೆ ಬರೆಯುತ್ತೇನೆ: ‘ಬಹುಕಾಲ ಹಲ್ಮಿಡಿ ಶಾಸನವನ್ನು ಅತ್ಯಂತ ಹಳೆಯದೆಂದು ಪರಿಗಣಿಸಲಾಗಿತ್ತು, ತಾಳಗುಂದದ ಶಾಸನ ಅದಕ್ಕಿಂತ ಹಿಂದಿನದಿರಬಹುದು.’ ‘ಈವರೆಗೆ ದೊರೆತ’, ‘ತೋರುತ್ತದೆ’, ‘ಬಹುಶಃ’ ಇವೆಲ್ಲ ಕೆಲಸಕ್ಕೆ ಬರುತ್ತವೆ. ಆದರೆ ಒಂದೇ ವಾಕ್ಯದಲ್ಲಿ ‘ಬಹುಶಃ ಇರಬಹುದೇನೋ’ ಅಂತ ಸುಮ್ನೆ ತುರುಕಬೇಡಿ. ಅದು ಎಚ್ಚರ ಅಲ್ಲ, ಪುಕ್ಕಲುತನ. ಶಾಸನ ಕಲ್ಲಿನ ಮೇಲಿದೆ ಅನ್ನೋದಕ್ಕೆ ‘ಬಹುಶಃ’ ಬೇಕಿಲ್ಲ ಅಲ್ವಾ? ಅದರ ಕಾಲ ಹೇಳುವಾಗ ಬೇಕು. ಯಾರ ವಾದ ಅಂತಲೂ ಅಲ್ಲೇ ಹೇಳಿಬಿಡಿ.