ಬೋ ಡಿಡ್ಲಿ ಬೀಟ್ ನನ್ನ ಕೈಗೆ ಹತ್ತಿದ ಕಥೆ

ಗಿಟಾರ್ ಹಿಡಿದು ಆರು ವರ್ಷ ಆಗಿದ್ರೂ ನನ್ನ ಗಮನ ಪೂರ್ತಿ ಎಡಗೈ ಮೇಲೇ ಇತ್ತು, ಯಾವ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಯಾವ ಸ್ಕೇಲ್ (ಸ್ವರಗಳ ಸಾಲು), ಸೋಲೋ ಎಷ್ಟು ಸ್ಪೀಡು ಅಂತ. ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ, ಗಿಟಾರ್ ವಾದಕ ಬೋ ಡಿಡ್ಲಿ ಹಾಡು ಕೇಳಿದ್ಮೇಲೆ ಬಲಗೈ ಕಡೆ ನೋಡೋಕೆ ಶುರು ಮಾಡಿದೆ. 1955ರಲ್ಲಿ ಶಿಕಾಗೋದಲ್ಲಿ ಮಾಡಿದ ಅವರ ಮೊದಲ ರೆಕಾರ್ಡು, ಹಾಡಿಗೂ ಅವರದ್ದೇ ಹೆಸರು, ಕಾರ್ಡ್ ಹುಡುಕ್ತಾ ಕೂತ್ರೆ ಹೆಚ್ಚುಕಡಿಮೆ ಒಂದೇ ಕಾರ್ಡು! ಆದ್ರೂ ಕಾಲು ಸುಮ್ನಿರಲ್ಲ.

ಅದರಲ್ಲಿರೋ ಐದು ಏಟಿನ ಲಯಕ್ಕೇ ಬೋ ಡಿಡ್ಲಿ ಬೀಟ್ ಅನ್ನೋದು. ಸುಲಭ ಅನ್ಕೊಂಡು ಬಾರಿಸಿದೆ, ಬರ್ಲೇ ಇಲ್ಲ. ಮೂರನೇ ಏಟು ಆದ್ಮೇಲೆ ಪ್ರತಿ ಸಲ ಎಡವೋದು, ಒಂದು ವಾರ ಹೀಗೇ ಹೋಯ್ತು. ಪಕ್ಕದ ಮನೇಲಿ ಮೃದಂಗ ಹೇಳಿಕೊಡೋ ಮೇಷ್ಟ್ರು ಇದ್ದಾರೆ, ಒಂದು ಸಂಜೆ ಅವರೇ ಬಂದು "ಏನಪ್ಪಾ ಅದು, ಇನ್ನೊಂದ್ಸಲ ಹಾಕು" ಅಂದ್ರು. ಎರಡು ಸಲ ಕೇಳಿ ತೊಡೆ ಮೇಲೆ ತಟ್ಕೊಂಡು ಹೇಳಿದ್ರು: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು, ಒಟ್ಟು 16, ಅಂದ್ರೆ ಆದಿತಾಳದ ಅರ್ಧ ಆವರ್ತ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಏಟು, ಅಷ್ಟೇ. ಅವತ್ತು ರಾತ್ರಿ ಗಿಟಾರ್ ಮುಟ್ಟದೆ ಬಾಯಲ್ಲೇ ಹೇಳ್ತಾ ಕೂತೆ.

ತೊಡೆ ತಟ್ಟಿದ್ದು ನೋಡಿ ಆಮೇಲೆ ನಂಗೆ ಮೈ ಜುಮ್ ಅಂತು. ಯಾಕಂದ್ರೆ ಈ ಬೀಟಿನ ಹಿಂದೆ ಇರೋದೂ ಅದೇ, ಅಮೆರಿಕದ ಕಪ್ಪು ಜನ ತೊಡೆ, ಎದೆ ತಟ್ಟಿ ನುಡಿಸ್ತಿದ್ದ ಹ್ಯಾಂಬೋನ್. 1739ರಲ್ಲಿ ಗುಲಾಮರ ದಂಗೆ ಆದ್ಮೇಲೆ ಸೌತ್ ಕ್ಯಾರೊಲಿನಾದಲ್ಲಿ ಗುಲಾಮರು ಡ್ರಮ್ ಬಾರಿಸ್ಬಾರ್ದು ಅಂತ ಕಾನೂನೇ ಮಾಡಿದ್ರು. ಕೈಲಿ ಡ್ರಮ್ ಇಲ್ಲ ಅಂದ್ರೂ ಲಯ ಮೈಯಲ್ಲೇ ಉಳ್ಕೊಳ್ತು. ಮಿಸಿಸಿಪಿಯಲ್ಲಿ ಹುಟ್ಟಿದ ಬೋ ಡಿಡ್ಲಿ ಆ ಲಯಾನ ಎಲೆಕ್ಟ್ರಿಕ್ ಗಿಟಾರಿಗೆ ತಂದ್ರು, ಗಿಟಾರನ್ನೇ ಡ್ರಮ್ ಮಾಡಿದ್ರು ಅನ್ನಿ.

ಕೈಗೆ ಕೂರಿಸಿದ್ದು ಹೀಗೆ. ಟಿಕ್ ಟಿಕ್ ಅಂತ ಲಯ ಕೊಡೋ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು ಬಲಗೈ 16 ಮಾತ್ರೆಗೂ ನಿಲ್ಲದೆ ಕೆಳಗೆ ಮೇಲೆ ಓಡಿಸ್ತಾ ಇರ್ಬೇಕು, ಎಡಗೈ ಬೆರಳು ತಂತಿ ಮೇಲೆ ಸುಮ್ನೆ ಇಟ್ಟಿದ್ರೆ ಚಕ್ ಚಕ್ ಅಂತ ಸದ್ದು ಬರುತ್ತೆ, ಆ ಐದು ಏಟಿಗೆ ಮಾತ್ರ ಒತ್ತೋದು. ನಾನು ಮಾಡ್ತಿದ್ದ ತಪ್ಪು ಅಂದ್ರೆ ಏಟಿಲ್ಲದ ಕಡೆ ಬಲಗೈ ನಿಲ್ಲಿಸ್ತಿದ್ದೆ.

ಬೋ ಡಿಡ್ಲಿ ಥರ ಓಪನ್ ಈ ಟ್ಯೂನಿಂಗ್ (ಬೆರಳಿಡದೆ ಬಾರಿಸಿದ್ರೇ ಈ ಕಾರ್ಡ್ ಬರೋ ಶ್ರುತಿ) ಮಾಡೋಕೆ ಹೋಗಿ ಮೂರನೇ ತಂತಿ ಕಿತ್ಕೊಂಡು ಬಂತು, ಅದರಲ್ಲಿ ಮೂರು ತಂತಿ ಬಿಗಿ ಮಾಡ್ಬೇಕಲ್ಲ. ಈಗ ಅದಕ್ಕಿಂತ ತಗ್ಗಿನ ಓಪನ್ ಡಿ ಮಾಡಿ ಎರಡನೇ ಫ್ರೆಟ್ಟಿಗೆ (ಮನೆಗೆ) ಕೇಪೋ, ಅಂದ್ರೆ ಎಲ್ಲಾ ತಂತಿ ಒಟ್ಟಿಗೆ ಒತ್ತೋ ಕ್ಲಿಪ್ಪು, ಹಾಕ್ತೀನಿ, ಸ್ವರ ಅದೇ ಬರುತ್ತೆ, ತಂತಿಗೂ ಹಿಂಸೆ ಇಲ್ಲ. ಸದ್ದನ್ನ ಒಂದೇ ಲಯದಲ್ಲಿ ಜೋರು, ಮೆಲ್ಲಗೆ ಮಾಡ್ತಾ ಮಿಡಿಸೋ ಟ್ರೆಮೊಲೋ ಪೆಡಲ್ ವಿಷಯದಲ್ಲಿ ಒಂದು ಮಾತು, ನಾವು ಬಾರಿಸೋ ವೇಗಕ್ಕೆ ಪೆಡಲ್ ಹೊಂದ್ಸೋಕೆ ಹೋಗ್ಬೇಡಿ, ಮೊದಲು ಪೆಡಲ್ ಆನ್ ಮಾಡಿ ಆ ಮಿಡಿತ ಕೇಳ್ಕೊಂಡು ಅದರ ಜೊತೆ ಸೇರ್ಕೊಳ್ಳಿ.

ಇದು ಬಂದ್ಮೇಲೆ ಅಮೆರಿಕದ ಗಾಯಕ ಬಡ್ಡಿ ಹಾಲಿ 1957ರಲ್ಲಿ ಮಾಡಿದ ನಾಟ್ ಫೇಡ್ ಅವೇ ಹಾಡು, ಅದನ್ನೇ 1964ರಲ್ಲಿ ಇಂಗ್ಲೆಂಡಿನ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಹಾಡಿದ್ದು, ಎಲ್ಲದರಲ್ಲೂ ಬೋ ಡಿಡ್ಲಿ ಕೈ ಕೇಳ್ಸೋಕೆ ಶುರುವಾಯ್ತು.

ಇನ್ನೊಂದು ಕೊರತೆ ಇತ್ತು, ಅವರ ಜೊತೆ ಜೆರೋಮ್ ಗ್ರೀನ್ ಆಡಿಸ್ತಿದ್ದ ಮರಾಕಸ್, ಅಂದ್ರೆ ಅಲ್ಲಾಡಿಸಿದ್ರೆ ಗಲಗಲ ಅನ್ನೋ ಗಿಲಕಿ ಥರದ ವಾದ್ಯ. ಅದಿಲ್ದೆ ಆ ಸದ್ದು ತುಂಬಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಿ ತಂಗಿ ಕೈಗೆ ಕೊಟ್ಟಿದ್ದೀನಿ, ಈಗ ದಿನಾ ಸಂಜೆ ಅವಳೇ ಬಂದು "ಅಣ್ಣ, ತಕಿಟ ಹಾಕೋಣ್ವಾ" ಅಂತಾಳೆ.